ಬೆರಳು ಜೋಡಣೆ (ಮರಗೆಲಸ)

ಬೆರಳು ಜೋಡಣೆ ಎಂಬುದು ಎರಡು ಹಲಗೆಗಳನ್ನು ಲಂಬಕೋನದಲ್ಲಿ ಕೂಡಿಸಿ ಪೆಟ್ಟಿಗೆಯ ಮೂಲೆಯನ್ನು ರಚಿಸುವ ಒಂದು ವಿಧಾನ. ಎರಡೂ ಹಲಗೆಗಳ ತುದಿಯಲ್ಲಿ ಚೌಕಾಕಾರದ ಬೆರಳುಗಳನ್ನೂ ಅವುಗಳ ನಡುವೆ ಅಷ್ಟೇ ಅಗಲದ ಸಂದುಗಳನ್ನೂ ಕೊಯ್ದು, ಒಂದರ ಬೆರಳು ಇನ್ನೊಂದರ ಸಂದಿನಲ್ಲಿ ಕೂರುವಂತೆ ಅಂಟಿನಿಂದ ಬಿಗಿಯಲಾಗುತ್ತದೆ. ಎರಡು ಕೈಗಳ ಬೆರಳುಗಳನ್ನು ಹೆಣೆದಂತೆ ಕಾಣುವುದರಿಂದ ಈ ಹೆಸರು. ಇದನ್ನು ಪೆಟ್ಟಿಗೆ ಜೋಡಣೆ, ಬಾಕ್ಸ್ ಜಾಯಿಂಟ್ ಎಂದೂ ಕರೆಯುತ್ತಾರೆ. ಮೇಜಿನ ಸೆಳೆಖಾನೆ, ಜೇನುಪೆಟ್ಟಿಗೆ, ಸಲಕರಣೆಗಳ ಪೆಟ್ಟಿಗೆ, ಒಡವೆ ಪೆಟ್ಟಿಗೆ ಮೊದಲಾದವುಗಳಲ್ಲಿ ಇದರ ಬಳಕೆ ಉಂಟು.

ಫಿಂಗರ್ ಜಾಯಿಂಟ್ ಎಂಬ ಹೆಸರನ್ನು ಮರದ ವ್ಯಾಪಾರದಲ್ಲಿ ಇನ್ನೊಂದು ಅರ್ಥದಲ್ಲಿಯೂ ಬಳಸುವುದರಿಂದ ಗೊಂದಲವಾಗುವುದುಂಟು. ರಬ್ಬರ್ ಮರದಂಥ ಗಿಡ್ಡ ತುಂಡುಗಳನ್ನು ತುದಿಗೆ ತುದಿ ಸೇರಿಸಿ ಉದ್ದನೆಯ ಹಲಗೆ ಮಾಡುವಾಗ ಗರಗಸದ ಹಲ್ಲಿನಂತೆ ಚೂಪಾಗಿ ಕೊಯ್ಯುವ ಜೋಡಣೆ ಬೇರೆ. ಅದು ಕಾರ್ಖಾನೆಯ ಕೆಲಸ. ಈ ಲೇಖನದ ವಿಷಯ ಪೆಟ್ಟಿಗೆಯ ಮೂಲೆ ಮಾತ್ರ.

ಜೋಡಣೆಯ ಬಲ

ಮರದ ಎಳೆಗಳು ಹಲಗೆಯ ಉದ್ದಕ್ಕೆ ಸಾಗುತ್ತವೆ. ಹಲಗೆಯನ್ನು ಅಡ್ಡ ಕೊಯ್ದಾಗ ಕಾಣುವ ತುದಿಮುಖವು ಸಾವಿರಾರು ಸಣ್ಣ ಕೊಳವೆಗಳ ಬಾಯಿಯಂತಿದ್ದು ಅಂಟನ್ನು ಒಳಗೆ ಹೀರಿಕೊಳ್ಳುತ್ತದೆ. ಹಾಗಾಗಿ ಅಲ್ಲಿ ಅಂಟು ಭದ್ರವಾಗಿ ಹಿಡಿಯದು. ಎಳೆಗಳ ಪಕ್ಕಮುಖದಲ್ಲಿ ಅಂಟು ಗಟ್ಟಿಯಾಗಿ ಕೂರುತ್ತದೆ. ಎರಡು ಹಲಗೆಗಳನ್ನು ಸುಮ್ಮನೆ ತಾಗಿಸಿ ಮೊಳೆ ಹೊಡೆದ ಮೂಲೆ ಕೆಲವು ವರ್ಷಗಳಲ್ಲಿ ಬಿಟ್ಟುಕೊಳ್ಳುವುದಕ್ಕೆ ಇದೇ ಕಾರಣ. ಬೆರಳು ಜೋಡಣೆಯಲ್ಲಿ ಪ್ರತಿಯೊಂದು ಬೆರಳಿನ ಎರಡು ಕೆನ್ನೆಗಳೂ ಪಕ್ಕಮುಖಗಳೇ ಆಗಿರುವುದರಿಂದ ಅಂಟು ಹಿಡಿಯುವ ಜಾಗ ಬಹಳ ಹೆಚ್ಚುತ್ತದೆ.

ಒಂದು ಲೆಕ್ಕದಿಂದ ಇದು ಸ್ಪಷ್ಟವಾದೀತು. ಹಲಗೆಯ ದಪ್ಪ 12 ಮಿಲಿಮೀಟರ್, ಅಗಲ 132 ಮಿಲಿಮೀಟರ್ ಎಂದಿಟ್ಟುಕೊಳ್ಳೋಣ. ಬೆರಳಿನ ಅಗಲ 12 ಮಿ.ಮೀ. ಆದರೆ ಮೂಲೆಯಲ್ಲಿ 11 ಭಾಗಗಳಾಗುತ್ತವೆ. ಒಂದು ಹಲಗೆಗೆ 6 ಬೆರಳು, ಇನ್ನೊಂದಕ್ಕೆ 5. ಬೆರಳು ಬೆರಳಿಗೆ ತಾಗುವ ಕೆನ್ನೆಗಳು 10. ಪ್ರತಿ ಕೆನ್ನೆ 12 × 12, ಅಂದರೆ 144 ಚದರ ಮಿ.ಮೀ.; ಒಟ್ಟು 1,440. ಅದೇ ಹಲಗೆಯಲ್ಲಿ 6 ಮಿ.ಮೀ. ಬೆರಳು ಕೊಯ್ದರೆ ಭಾಗಗಳು 22, ಕೆನ್ನೆಗಳು 21, ಅಂಟು ಹಿಡಿಯುವ ಜಾಗ 3,024 ಚದರ ಮಿ.ಮೀ. ಬೆರಳು ತೆಳುವಾದಷ್ಟೂ ಬಲ ಹೆಚ್ಚು. ಕೊಯ್ಯಬೇಕಾದ ಸಂದುಗಳೂ ತಪ್ಪುವ ಅವಕಾಶಗಳೂ ಅಷ್ಟೇ ಹೆಚ್ಚು. ಭಾಗಗಳ ಸಂಖ್ಯೆ ಬೆಸವಾಗಿದ್ದರೆ ಮೂಲೆಯು ಮೇಲಿನಿಂದಲೂ ಕೆಳಗಿನಿಂದಲೂ ಒಂದೇ ತೆರನಾಗಿ ಕಾಣುತ್ತದೆ; ಸಮವಾಗಿದ್ದರೆ ಒಂದು ಅಂಚು ಬೆರಳಿನಿಂದ, ಇನ್ನೊಂದು ಅಂಚು ಸಂದಿನಿಂದ ಆರಂಭವಾಗುತ್ತದೆ.

ಇದೇ ಬಗೆಯ ಕೆಲಸಕ್ಕೆ ಇರುವ ಇನ್ನೊಂದು ಹೆಸರಾಂತ ಜೋಡಣೆ ಡವ್‌ಟೇಲ್, ಅಂದರೆ ಪಾರಿವಾಳದ ಬಾಲದಂತೆ ತುದಿಯಲ್ಲಿ ಅಗಲವಾಗುವ ಬೆರಳುಗಳದ್ದು. ಅದು ಒಂದು ದಿಕ್ಕಿನಲ್ಲಿ ಅಂಟಿಲ್ಲದೆಯೂ ಕಳಚಿಕೊಳ್ಳದು. ಬೆರಳು ಜೋಡಣೆಗೆ ಅಂಥ ಕೊಂಡಿ ಇಲ್ಲ. ಅಂಟು ಒಣಗುವವರೆಗೆ ಅದು ಬಂದ ದಾರಿಯಲ್ಲಿಯೇ ಹಿಂದಿರುಗಬಲ್ಲದು. ಒಳ್ಳೆಯ ಅಂಟು ದೊರೆಯದ ಕಾಲದಲ್ಲಿ ಡವ್‌ಟೇಲ್‌ಗೆ ಇದ್ದ ಮಾನ್ಯತೆಗೆ ಇದೇ ಕಾರಣ.

ಬಳಕೆಯ ಹಿನ್ನೆಲೆ

ಡವ್‌ಟೇಲ್ ಜೋಡಣೆಯ ಮಾದರಿಗಳು ಪ್ರಾಚೀನ ಈಜಿಪ್ಟಿನ ಪೀಠೋಪಕರಣಗಳಲ್ಲಿಯೇ ದೊರೆತಿವೆ. ಬೆರಳು ಜೋಡಣೆ ವ್ಯಾಪಕವಾದದ್ದು ಯಂತ್ರಗಳು ಬಂದ ಮೇಲೆ, 19ನೆಯ ಶತಮಾನದ ಉತ್ತರಾರ್ಧದಿಂದ ಈಚೆಗೆ. ಚೌಕಾಕಾರದ ಸಂದನ್ನು ತಿರುಗುವ ಗರಗಸದಿಂದ ಒಂದೇ ಬಾರಿಗೆ ಹಲವು ಹಲಗೆಗಳಲ್ಲಿ ಕೊಯ್ಯಬಹುದಾದ್ದರಿಂದ, ಸರಕು ಸಾಗಿಸುವ ಪೆಟ್ಟಿಗೆಗಳ ಕಾರ್ಖಾನೆಗಳು ಇದನ್ನು ಆರಿಸಿಕೊಂಡವು. ಲ್ಯಾಂಗ್‌ಸ್ಟ್ರಾತ್ 1852ರಲ್ಲಿ ಅಮೆರಿಕದಲ್ಲಿ ಹಕ್ಕುಸ್ವಾಮ್ಯ ಪಡೆದ, ಎತ್ತಿ ತೆಗೆಯಬಲ್ಲ ಚೌಕಟ್ಟಿನ ಜೇನುಪೆಟ್ಟಿಗೆಯ ವಂಶದ ಪೆಟ್ಟಿಗೆಗಳಲ್ಲಿ ಇಂದಿಗೂ ಈ ಮೂಲೆಯನ್ನು ಕಾಣಬಹುದು. ಬಿಸಿಲು ಮಳೆಗೆ ಹೊರಗೇ ನಿಲ್ಲುವ ಆ ಪೆಟ್ಟಿಗೆಗೆ ಮೂಲೆ ಸಡಿಲವಾದರೆ ಇರುವೆ, ಮೇಣದ ಪತಂಗ ಒಳಹೋಗಲು ದಾರಿ ಸಿಗುತ್ತದೆ. ಜೇನು ಸಾಕುವವರಿಗೆ ಇದು ಅಂದದ ಪ್ರಶ್ನೆಯಲ್ಲ, ಕುಟುಂಬ ಉಳಿಯುವ ಪ್ರಶ್ನೆ.

ಉತ್ತರ ಕರ್ನಾಟಕದ ಬಯಲುಸೀಮೆಯಲ್ಲಿ ಮರಗೆಲಸದ ಪರಂಪರೆ ಬೇರೊಂದು ದಾರಿಯಲ್ಲಿ ಬೆಳೆದಿದೆ. ಪಂಚಲಿಂಗೇಶ್ವರ ದೇವಾಲಯದಿಂದ ಹೆಸರಾದ ಹೂಲಿ ಮತ್ತು ಸುತ್ತಲಿನ ಸವದತ್ತಿ, ಬೈಲಹೊಂಗಲ, ರಾಮದುರ್ಗ ಭಾಗದ ಹಳ್ಳಿಗಳಲ್ಲಿ ಬಡಿಗೇರರು ನೇಗಿಲು, ಕುಂಟೆ, ಕೂರಿಗೆ, ಚಕ್ಕಡಿ ಮಾಡಿಕೊಟ್ಟು ಸುಗ್ಗಿಯಲ್ಲಿ ಕಾಳಿನ ರೂಪದ ಆಯ ಪಡೆಯುತ್ತಿದ್ದರು. ಆ ಕೆಲಸದ ಮುಖ್ಯ ಸಲಕರಣೆಗಳು ಬಾಚಿ ಮತ್ತು ಉಳಿ. ಮುಖ್ಯ ಮರ ಜಾಲಿ. ಮುಖ್ಯ ಜೋಡಣೆ ಒಂದು ಮರದ ತುದಿಯನ್ನು ಕಿರಿದುಗೊಳಿಸಿ ಇನ್ನೊಂದರ ತೂತಿನಲ್ಲಿ ಬೆಣೆ ಹೊಡೆದು ಕೂರಿಸುವುದು. ಎತ್ತಿನ ಎಳೆತವನ್ನೂ ಎರೆಮಣ್ಣಿನ ಒತ್ತಡವನ್ನೂ ತಾಳಲು ಅದೇ ತಕ್ಕದ್ದು. ಬೆರಳು ಜೋಡಣೆಗೆ ಬೇಕಾದ ತೆಳುವಾದ, ಸಮತಟ್ಟಾದ ಹಲಗೆಯೂ ಸಣ್ಣ ಹಲ್ಲಿನ ಗರಗಸವೂ ಆ ಕಸುಬಿನ ಕೇಂದ್ರದಲ್ಲಿರಲಿಲ್ಲ. ಕೂರಿಗೆ ಮಾಡಬಲ್ಲ ನುರಿತ ಕೈಗೂ ಮೊದಲ ಪೆಟ್ಟಿಗೆಯ ಮೂಲೆ ಕೂಡಿಬರದಿದ್ದರೆ ಅದು ಕೈಯ ಕೊರತೆಯಲ್ಲ. ಸಲಕರಣೆ ಬೇರೆ, ಅಳತೆಯ ಸೂಕ್ಷ್ಮತೆ ಬೇರೆ. ಭಜನೆ, ಬಯಲಾಟಗಳಲ್ಲಿ ನುಡಿಸುವ ಪೇಟಿಯನ್ನು, ಅಂದರೆ ಹಾರ್ಮೋನಿಯಂ ಅನ್ನು, ದುರಸ್ತಿ ಮಾಡುವವರಿಗೆ ಆ ಸೂಕ್ಷ್ಮತೆ ಪರಿಚಿತ. ಗಾಳಿಯಿಂದ ನುಡಿಯುವ ಪೆಟ್ಟಿಗೆಯಲ್ಲಿ ಸಂದು ಬಿಡುವಂತಿಲ್ಲ.

ಮರ

ಜೋಡಣೆಯ ಭವಿಷ್ಯ ಗರಗಸ ಮುಟ್ಟುವ ಮೊದಲೇ ಅರ್ಧ ನಿರ್ಧಾರವಾಗಿರುತ್ತದೆ. ಹಲಗೆ ಸೊಟ್ಟಗಿದ್ದರೆ ಎಷ್ಟು ನಿಖರವಾಗಿ ಕೊಯ್ದರೂ ಬೆರಳುಗಳು ಕೂಡುವುದಿಲ್ಲ. ಖಾನಾಪುರ, ಹಳಿಯಾಳ, ದಾಂಡೇಲಿಯ ಮಳೆಕಾಡಿನ ಸೆರಗಿನಿಂದ ಬಂದ ತೇಗದ ಹಲಗೆಯು ಸವದತ್ತಿಯ ಒಣಹವೆಗೆ ಬಂದೊಡನೆ ತೇವ ಬಿಟ್ಟುಕೊಡತೊಡಗುತ್ತದೆ. ಹಲಗೆಗಳ ನಡುವೆ ತೆಳುಪಟ್ಟಿಗಳನ್ನಿಟ್ಟು, ಗಾಳಿಯಾಡುವಂತೆ ನೆರಳಿನಲ್ಲಿ ಪೇರಿಸಿ, ಕೆಲವು ವಾರ ಬಿಟ್ಟು ಬಳಿಕ ಕೀಸುಳಿ ಹಿಡಿಯುವುದು ಒಳಿತು. ತೇವಾಂಶ ಶೇಕಡಾ 12ರ ಆಸುಪಾಸಿಗೆ ಇಳಿದ ಮರ ಪೆಟ್ಟಿಗೆ ಕೆಲಸಕ್ಕೆ ಯೋಗ್ಯ.

ತೇಗ ಒಣಗಿದ ಮೇಲೆ ಹೆಚ್ಚು ಅಲುಗಾಡದು. ಆದರೆ ಅದರಲ್ಲಿ ಸಿಲಿಕಾ ಇರುವುದರಿಂದ ಉಕ್ಕಿನ ಅಲಗು ಬೇಗ ಮೊಂಡಾಗುತ್ತದೆ. ಎಣ್ಣೆಯಂಶ ಇರುವುದರಿಂದ ಕೊಯ್ದ ದಿನವೇ ಅಂಟು ಹಚ್ಚುವುದು ಲೇಸು. ಬೇವು ಹುಳಕ್ಕೆ ಜಗ್ಗದ ಮರವೆಂದು ಕಾಳು, ಬಟ್ಟೆ ಇಡುವ ಪೆಟ್ಟಿಗೆಗೆ ಪ್ರಿಯವಾದದ್ದು, ಆದರೆ ಅದರ ಎಳೆಗಳು ಒಂದಕ್ಕೊಂದು ಹೆಣೆದುಕೊಂಡಿದ್ದು ಉಳಿಗೆ ಕಿತ್ತುಬರುತ್ತವೆ. ಜಾಲಿಯಲ್ಲಿ ಸಣ್ಣ ಬೆರಳು ಕೊಯ್ಯುವುದು ಶ್ರಮಕ್ಕೆ ತಕ್ಕ ಫಲವಲ್ಲ. ಹೊರದೇಶದ ಸರಕಿನೊಡನೆ ಬರುವ ಪೈನ್ ಪೆಟ್ಟಿಗೆಗಳ ಹಲಗೆ ಅಗ್ಗವಾಗಿ ಸಿಗುವುದರಿಂದ ಕಲಿಯುವವರಿಗೆ ಅನುಕೂಲ. ಆದರೆ ಮೊಳೆಗಳನ್ನು ಒಂದೂ ಬಿಡದೆ ಕಿತ್ತಿರಬೇಕು, ಉಳಿ ಹರಿತವಾಗಿರಬೇಕು. ಮೊಂಡು ಉಳಿ ಮೆದು ಮರವನ್ನು ಕತ್ತರಿಸುವುದಿಲ್ಲ, ಜಜ್ಜುತ್ತದೆ. ರೈತರು ಈಗ ಹೊಲದ ಬದುವಿನಲ್ಲಿ ಬೆಳೆಸುತ್ತಿರುವ ಹೆಬ್ಬೇವು ಕೂಡ ಹಗುರವಾದ ಮರವೇ. ಅದಕ್ಕೂ ಇದೇ ಎಚ್ಚರಿಕೆ. ಪ್ಲೈವುಡ್‌ನಲ್ಲಿ ಬೆರಳು ಕೊಯ್ಯಬಹುದು, ಆದರೆ ಅಡ್ಡ ಪದರ ಸಿಬಿರೇಳುತ್ತದೆ.

ಅಳತೆಯ ವರ್ಗಾವಣೆ

ಈ ಜೋಡಣೆಯ ಬಗೆಗೆ ಹೇಳಬೇಕಾದ ಮುಖ್ಯ ಸಂಗತಿ ಸಲಕರಣೆಯ ಬೆಲೆಗೆ ಸಂಬಂಧಿಸಿದ್ದಲ್ಲ, ಮೊದಲ ಹಲಗೆಯ ಅಳತೆ ಎರಡನೆಯ ಹಲಗೆಗೆ ಹೇಗೆ ಹೋಗುತ್ತದೆ ಎಂಬುದಕ್ಕೆ ಸಂಬಂಧಿಸಿದ್ದು. ಎರಡು ಹಲಗೆಗಳ ಮೇಲೂ ಅಳತೆಪಟ್ಟಿ ಇಟ್ಟು ಒಂದೊಂದೇ ಬೆರಳನ್ನು ಬೇರೆ ಬೇರೆಯಾಗಿ ಗುರುತಿಸುತ್ತ ಹೋದರೆ, ಪ್ರತಿ ಹೆಜ್ಜೆಗೂ 0.1 ಮಿ.ಮೀ. ತಪ್ಪಿದರೂ ಹತ್ತನೆಯ ಬೆರಳಿಗೆ ಬರುವಷ್ಟರಲ್ಲಿ 1 ಮಿ.ಮೀ. ವ್ಯತ್ಯಾಸ ಬಿದ್ದಿರುತ್ತದೆ. ಆಗ ದುಬಾರಿ ಗರಗಸವೂ ಗೆರೆಯ ಮೇಲೆಯೇ ಕೊಯ್ದು ತಪ್ಪನ್ನು ನಿಷ್ಠೆಯಿಂದ ಉಳಿಸಿಕೊಡುತ್ತದೆ.

ಇದರಿಂದ ಪಾರಾಗಲು ಎರಡು ದಾರಿಗಳಿವೆ. ಒಂದು, ಕೊಯ್ದು ಮುಗಿಸಿದ ಮೊದಲ ಹಲಗೆಯನ್ನೇ ಎರಡನೆಯದರ ತುದಿಯ ಮೇಲೆ ನಿಲ್ಲಿಸಿ ಅದರ ಬೆರಳುಗಳ ಸುತ್ತ ಚಾಕುವಿನಿಂದ ಗೀರುವುದು. ಮೊದಲನೆಯದರಲ್ಲಿ ಬೆರಳುಗಳು ಒಂದಿಷ್ಟು ಏರುಪೇರಾಗಿದ್ದರೂ ಎರಡನೆಯದು ಆ ಏರುಪೇರಿಗೇ ಹೊಂದಿಕೊಳ್ಳುತ್ತದೆ. ಕೈಕೆಲಸದ ಗುಟ್ಟೆಲ್ಲ ಇದೇ. ಇನ್ನೊಂದು, ಎರಡೂ ಹಲಗೆಗಳನ್ನು ಒಂದೇ ಅಚ್ಚಿನ ಮೇಲೆ ಕೊಯ್ಯುವುದು. ಅಚ್ಚಿನ ಹೆಜ್ಜೆ ಎರಡಕ್ಕೂ ಒಂದೇ ಆದ್ದರಿಂದ ಹೆಜ್ಜೆಯಲ್ಲಿ ತಪ್ಪಿದ್ದರೂ ಅದು ಎರಡರಲ್ಲಿಯೂ ಸಮನಾಗಿ ಇರುತ್ತದೆ, ಕೂಡಿಸುವಾಗ ಅಡ್ಡಬರದು.

ಕೈಸಲಕರಣೆಗಳ ವಿಧಾನ

ಬೇಕಾದುವು ಮೂಲೆಮಟ್ಟ, ಮಾರ್ಕಿಂಗ್ ಗೇಜ್, ತೆಳು ಅಲಗಿನ ಚಾಕು, ಬೆನ್ನಿಗೆ ಲೋಹದ ಪಟ್ಟಿ ಇರುವ ಸಣ್ಣ ಹಲ್ಲಿನ ಗರಗಸ, ಒಂದೆರಡು ಉಳಿ, ಕೊಡತಿ, ಹಲಗೆಯನ್ನು ನೆಟ್ಟಗೆ ಹಿಡಿಯುವ ವೈಸ್. ಗರಗಸಕ್ಕೆ ಅಂಗುಲಕ್ಕೆ 14ರಿಂದ 20 ಹಲ್ಲುಗಳಿದ್ದರೆ ಸಾಕು. ತನ್ನ ಕಡೆಗೆ ಎಳೆದು ಕೊಯ್ಯುವ ಜಪಾನೀ ಗರಗಸಗಳೂ ಈಗ ದೊರೆಯುತ್ತವೆ. ಎಳೆತದಲ್ಲಿ ಅಲಗು ಬಾಗದ ಕಾರಣ ಅದನ್ನು ಬಹು ತೆಳುವಾಗಿ ಮಾಡಲು ಸಾಧ್ಯ. ಹೊಸಬರಿಗೆ ಗೆರೆ ಹಿಡಿಯುವುದು ಅದರಲ್ಲಿ ಸುಲಭ, ಆದರೆ ಅದರ ಹಲ್ಲನ್ನು ಹಳ್ಳಿಯಲ್ಲಿ ಅರದಿಂದ ಸಾಣೆ ಹಿಡಿಯುವುದು ಕಷ್ಟ. ಸಾಮಾನ್ಯ ಗರಗಸವನ್ನು ತ್ರಿಕೋನ ಅರದಿಂದ ಯಾರು ಬೇಕಾದರೂ ಹರಿತ ಮಾಡಿಕೊಳ್ಳಬಹುದು. ದೀರ್ಘಕಾಲದ ಬಳಕೆಗೆ ಈ ಅಂಶ ಕೊಳ್ಳುವಾಗಿನ ಬೆಲೆಗಿಂತ ಮುಖ್ಯ.

ಬೆರಳಿನ ಅಗಲವನ್ನು ಕೈಯಲ್ಲಿರುವ ಉಳಿಯ ಅಗಲಕ್ಕೆ ಹೊಂದಿಸಿಕೊಳ್ಳುವುದು ಜಾಣತನ. 12 ಮಿ.ಮೀ. ಉಳಿ ಇದ್ದಲ್ಲಿ ಸಂದು ಅದಕ್ಕಿಂತ ಕೂದಲೆಳೆಯಷ್ಟು ಅಗಲವಿರಲಿ. ಗೇಜನ್ನು ಹಲಗೆಯ ದಪ್ಪಕ್ಕಿಂತ ಸುಮಾರು ಅರ್ಧ ಮಿ.ಮೀ. ಹೆಚ್ಚಿಗೆ ಹೊಂದಿಸಿ ಎರಡೂ ಹಲಗೆಗಳ ಸುತ್ತ ಗೆರೆ ಎಳೆಯಬೇಕು. ಕೂಡಿಸಿದ ಮೇಲೆ ಬೆರಳಿನ ತುದಿ ಅಷ್ಟು ಹೊರಚಾಚಿರುತ್ತದೆ, ಅದನ್ನು ಕೀಸಿ ಸಮ ಮಾಡಬಹುದು. ಕಡಿಮೆಯಾದರೆ ತುಂಬಿಕೊಡುವ ಉಪಾಯವಿಲ್ಲ.

ತೆಗೆದುಹಾಕಬೇಕಾದ ಭಾಗಗಳಿಗೆ ಪೆನ್ಸಿಲಿನಿಂದ ಗೀಟು ಹಾಕಿಕೊಳ್ಳುವುದು ಮಕ್ಕಳಾಟದಂತೆ ತೋರಬಹುದು, ಆದರೆ ಬೆರಳನ್ನು ಕೊಯ್ದು ಸಂದನ್ನು ಉಳಿಸಿಕೊಂಡ ಹಲಗೆಗಳು ಯಾವ ಕಾರ್ಯಶಾಲೆಯಲ್ಲಿಯೂ ಅಪರೂಪವಲ್ಲ. ಗರಗಸ ಯಾವಾಗಲೂ ಗೆರೆಯ ಹೊರಗೆ, ಹೋಗಬೇಕಾದ ಮರದ ಕಡೆಗೆ ನಡೆಯಬೇಕು, ಗೆರೆ ಉಳಿಯಬೇಕು. ಎದುರುಬದುರಿನ ಎರಡು ಹಲಗೆಗಳನ್ನು ಒಟ್ಟಿಗೆ ಹಿಡಿದು ಒಮ್ಮೆಗೇ ಕೊಯ್ಯುವುದುಂಟು. ಅಗಲವಾದ ಆಸರೆ ಸಿಗುವುದರಿಂದ ಗರಗಸ ನೇರವಾಗಿಯೂ ಇಳಿಯುತ್ತದೆ. ಬಳಿಕ ಸಂದಿನ ಮರವನ್ನು ತೆಳು ಅಲಗಿನ ಕೋಪಿಂಗ್ ಗರಗಸದಿಂದ ಗೇಜಿನ ಗೆರೆಗೆ ಒಂದು ಮಿ.ಮೀ. ಮೇಲೆ ತೆಗೆದು, ಉಳಿದುದನ್ನು ಉಳಿಯಿಂದ ತಗ್ಗಿಸಬೇಕು. ಒಂದು ಮುಖದಿಂದ ಅರ್ಧ ದಪ್ಪದವರೆಗೆ ಕೊಡತಿಯ ಪೆಟ್ಟು, ಹಲಗೆ ಮಗುಚಿ ಇನ್ನೊಂದು ಮುಖದಿಂದ ಉಳಿದರ್ಧ. ಒಂದೇ ಕಡೆಯಿಂದ ಹೊಡೆದರೆ ಹಿಂಬದಿಯ ಎಳೆ ಚಕ್ಕೆಯಾಗಿ ಕಳಚುತ್ತದೆ. ಉಳಿಯ ಬಾಯಿಯನ್ನು 25 ಡಿಗ್ರಿಗೆ ಸಾಣೆ ಹಿಡಿದು ತುದಿಯಂಚನ್ನು 30 ಡಿಗ್ರಿಗೆ ಮಸೆಯುವುದು ರೂಢಿ.

ಎರಡನೆಯ ಹಲಗೆಯನ್ನು ಮೇಲೆ ಹೇಳಿದಂತೆ ಮೊದಲನೆಯದರಿಂದ ಗುರುತಿಸಿ ಕೊಯ್ಯಬೇಕು. ಪೆನ್ಸಿಲ್ ಗೆರೆಗೆ ದಪ್ಪವಿದೆ, ಚಾಕುವಿನ ಗೀರಿಗೆ ಇಲ್ಲವೆನ್ನುವಷ್ಟು ಕಡಿಮೆ. ಅಲ್ಲದೆ ಉಳಿಯ ಬಾಯಿ ಆ ಗೀರಿನಲ್ಲಿ ತಾನಾಗಿ ಕೂರುತ್ತದೆ. ನಾಲ್ಕು ಮೂಲೆಗಳೂ ಒಂದೇ ಎಂದು ನಂಬದೆ ಪ್ರತಿ ಮೂಲೆಯ ಜೋಡಿಗೂ 1–1, 2–2 ಎಂದು ಅಂಕಿ ಬರೆದಿಡುವುದು ಅವಶ್ಯ.

ಯಂತ್ರಗಳ ವಿಧಾನ

ಮೇಜಿನ ನಡುವೆ ತಟ್ಟೆಗರಗಸ ಮೇಲೆದ್ದಿರುವ ಟೇಬಲ್ ಸಾ ಯಂತ್ರದಲ್ಲಿ ಬೆರಳು ಕೊಯ್ಯಲು ಒಂದು ಅಚ್ಚು ಬೇಕು. ಅದನ್ನು ಮರದಿಂದಲೇ ಮಾಡಿಕೊಳ್ಳುತ್ತಾರೆ: ಮೇಜಿನ ಕಾಲುವೆಯಲ್ಲಿ ಜಾರುವ ಆಧಾರಹಲಗೆ, ಅದರಿಂದ ಹೊರಚಾಚಿದ ಒಂದು ಗಟ್ಟಿಮರದ ಕೀಲಿ. ಕೀಲಿಯ ಅಗಲ ಸಂದಿನ ಅಗಲಕ್ಕೆ ಸರಿಸಮ. ಕೀಲಿಗೂ ತಟ್ಟೆಗೂ ನಡುವಿನ ಅಂತರವೂ ಅಷ್ಟೇ. ಹಲಗೆಯನ್ನು ನೆಟ್ಟಗೆ ನಿಲ್ಲಿಸಿ ಅಂಚನ್ನು ಕೀಲಿಗೆ ತಾಗಿಸಿ ಮೊದಲ ಸಂದು ಕೊಯ್ದು, ಆ ಸಂದನ್ನು ಕೀಲಿಯ ಮೇಲೆ ಕೂರಿಸಿ ಮುಂದಿನದನ್ನು ಕೊಯ್ಯುತ್ತ ಹೋಗಬೇಕು. ಎರಡನೆಯ ಹಲಗೆ ಸಂದಿನಿಂದ ಆರಂಭವಾಗಬೇಕಾದ್ದರಿಂದ, ಮೊದಲ ಹಲಗೆಯನ್ನು ತಿರುಗಿಸಿ ಅದರ ಅಂಚಿನ ಸಂದನ್ನು ಕೀಲಿಯ ಮೇಲಿಟ್ಟು ಅದಕ್ಕೆ ತಾಗಿಸಿ ಎರಡನೆಯದನ್ನು ನಿಲ್ಲಿಸುತ್ತಾರೆ.

ಇಲ್ಲಿ ಹೊಂದಿಸಬೇಕಾದ ಅಳತೆ ಒಂದೇ: ಕೀಲಿಗೂ ತಟ್ಟೆಗೂ ನಡುವಿನ ಅಂತರ. ಅದು ಹೆಚ್ಚಾದರೆ ಬೆರಳು ದಪ್ಪವಾಗಿ ಸಂದಿಗೆ ಹೋಗದು, ಕಡಿಮೆಯಾದರೆ ಸಡಿಲ. ರದ್ದಿ ತುಂಡುಗಳಲ್ಲಿ ಎರಡು ಮೂರು ಬಾರಿ ಪರೀಕ್ಷಿಸದೆ ಒಳ್ಳೆಯ ಮರಕ್ಕೆ ಕೈಹಾಕಬಾರದು. ಸಾಮಾನ್ಯ ಕಾರ್ಬೈಡ್ ಹಲ್ಲಿನ ತಟ್ಟೆ ಸುಮಾರು 3 ಮಿ.ಮೀ. ಅಗಲದ ಸಂದು ಕೊಯ್ಯುತ್ತದೆ. ಅಗಲವಾದ ಸಂದಿಗೆ ಹಲವು ತಟ್ಟೆಗಳನ್ನು ಒತ್ತೊತ್ತಾಗಿ ಜೋಡಿಸುವ ಕ್ರಮ ಅಮೆರಿಕದ ಪುಸ್ತಕಗಳಲ್ಲಿ ಕಾಣುತ್ತದೆ. ಕೈಯಲ್ಲಿ ಹಿಡಿಯುವ ಯಂತ್ರವನ್ನು ಮೇಜಿನಡಿ ಮಗುಚಿ ಕಟ್ಟಿ ಮಾಡಿಕೊಂಡ ಟೇಬಲ್ ಸಾದಲ್ಲಿ ಅದನ್ನು ಪ್ರಯತ್ನಿಸಲೇಬಾರದು. ಅದರ ಗಿಡ್ಡ ಅಚ್ಚುಕಂಬಿಯಲ್ಲಿ ತಿರುಪು ಪೂರ್ತಿ ಹಿಡಿಯದು. ಹಲ್ಲಿನ ತುದಿ ಓರೆಯಾಗಿದ್ದರೆ ಸಂದಿನ ತಳದಲ್ಲಿ ಎರಡು ಸಣ್ಣ ಗೀರುಗಳು ಉಳಿಯುತ್ತವೆ. ಚಪ್ಪಟೆ ಹಲ್ಲಿನ ತಟ್ಟೆಯಿಂದ ತಳ ಸಮವಾಗುತ್ತದೆ. ಸಂದು ಕೊಯ್ಯುವಾಗ ತಟ್ಟೆಯ ಮೇಲಿನ ರಕ್ಷಣಾಮುಚ್ಚಳವನ್ನು ತೆಗೆಯಬೇಕಾಗುವುದರಿಂದ ಕೈಗಳು ಅಚ್ಚಿನ ಹಿಂದೆಯೇ ಇರಬೇಕು, ತಟ್ಟೆ ಹೊರಬರುವ ಜಾಗಕ್ಕೆ ಅಚ್ಚಿನ ಬೆನ್ನಿಗೆ ದಪ್ಪ ಮರದ ತುಂಡೊಂದನ್ನು ಅಂಟಿಸಿರಬೇಕು. ಮರದ ಬೆರಳು ಕೊಯ್ಯಲು ಹೋಗಿ ಕೈಬೆರಳು ಕಳೆದುಕೊಳ್ಳುವ ಅಪಾಯ ನಿಜವಾದದ್ದು.

ಪೀಠೋಪಕರಣ ಮಾಡುವ ಬಹುತೇಕ ಬಡಗಿಗಳ ಬಳಿ ಈಗ ಟ್ರಿಮ್ಮರ್ ಎಂಬ ಚಿಕ್ಕ ರೂಟರ್ ಯಂತ್ರ ಇರುತ್ತದೆ. ಅದನ್ನು ಮೇಜಿನಡಿ ಕೂರಿಸಿ 6 ಮಿ.ಮೀ. ನೇರ ಬಿಟ್ ಹಾಕಿ ಮೇಲಿನ ಬಗೆಯ ಅಚ್ಚನ್ನೇ ಬಳಸಬಹುದು. ತಳ ಚೊಕ್ಕಟವಾಗಿ ಬರುತ್ತದೆ, ಬಿಟ್ಟಿನ ಅಗಲವೇ ಸಂದಿನ ಅಗಲವಾದ್ದರಿಂದ ಅಳತೆ ತಪ್ಪದು. ಆದರೆ ತೇಗದಲ್ಲಿ 12 ಮಿ.ಮೀ. ಆಳವನ್ನು ಒಂದೇ ಬಾರಿಗೆ ಕೊಯ್ದರೆ ಬಿಟ್ ಕಾಯ್ದು ಮರ ಕಪ್ಪಾಗುತ್ತದೆ, ಬಿಟ್ ಮುರಿಯಲೂಬಹುದು. ಮೊದಲು ಕೈಗರಗಸದಿಂದ ಸಂದಿನ ನಡುಭಾಗವನ್ನು ತೆಗೆದು ಬಳಿಕ ರೂಟರಿಗೆ ಒಡ್ಡುವುದು ಎರಡೂ ವಿಧಾನಗಳ ಒಳಿತನ್ನು ಸೇರಿಸಿಕೊಂಡಂತೆ. ಹಲಗೆಯ ಹಿಂಬದಿಗೆ ರದ್ದಿ ಹಲಗೆಯೊಂದನ್ನು ಒತ್ತಿ ಹಿಡಿದರೆ ಸಿಬಿರೇಳುವುದಿಲ್ಲ.

ಲೇಸರ್ ಯಂತ್ರದಿಂದ ತೆಳು ಪ್ಲೈ ಅಥವಾ ಎಂ.ಡಿ.ಎಫ್. ಹಾಳೆಯಲ್ಲಿ ಬೆರಳು ಕೊಯ್ದ ಪೆಟ್ಟಿಗೆಗಳು ನಗರಗಳಲ್ಲಿ ಹೇರಳ. ಅವು ಉಡುಗೊರೆಯ ಡಬ್ಬಿಗಳಿಗೆ ಸಾಕು.

ಆಯ್ಕೆ

ಸಲಕರಣೆ ಆರಿಸುವಾಗ ಎಣಿಸಬೇಕಾದದ್ದು ಪೆಟ್ಟಿಗೆಗಳನ್ನಲ್ಲ, ಒಂದೇ ಅಳತೆಯ ಮೂಲೆಗಳನ್ನು. ಒಂದು ಪೆಟ್ಟಿಗೆಗೆ ನಾಲ್ಕು ಮೂಲೆ. ಮನೆಗೆ ಒಂದೆರಡು ಪೆಟ್ಟಿಗೆ ಮಾಡುವವರು ಅಚ್ಚು ಕಟ್ಟಿ ಹೊಂದಿಸುವ ಹೊತ್ತಿನಲ್ಲಿ ಕೈಗರಗಸದಿಂದ ಕೆಲಸವನ್ನೇ ಮುಗಿಸಬಹುದು. ಇಪ್ಪತ್ತು ಜೇನುಪೆಟ್ಟಿಗೆಗಳಿಗೆ ಎಂಬತ್ತು ಮೂಲೆಗಳು. ಅಲ್ಲಿ ಅಚ್ಚಿಲ್ಲದೆ ಕೂರುವುದು ಹಟ. ಅಳತೆ ಪ್ರತಿ ಸಲವೂ ಬದಲಾಗುವ ದುರಸ್ತಿ ಕೆಲಸಕ್ಕೆ, ಉದಾಹರಣೆಗೆ ಹಳೆಯ ಪೇಟಿಯ ಒಂದು ಹಲಗೆ ಬದಲಿಸುವುದಕ್ಕೆ, ಯಂತ್ರ ಉಪಯೋಗಕ್ಕೆ ಬಾರದು. ಹಳೆಯ ಬೆರಳುಗಳಿಂದಲೇ ಹೊಸ ಹಲಗೆಯನ್ನು ಗುರುತಿಸಬೇಕು.

ಹಳ್ಳಿಯ ಕಾರ್ಯಶಾಲೆಗೆ ವಿದ್ಯುತ್ತಿನ ಪ್ರಶ್ನೆಯೂ ಇದೆ. ಟ್ರಿಮ್ಮರ್ ಮನೆಯ ಸಾಮಾನ್ಯ ಸಂಪರ್ಕದಲ್ಲಿ ನಡೆಯುತ್ತದೆ, ದೊಡ್ಡ ಟೇಬಲ್ ಸಾಗಳಿಗೆ ಬಹುಮಟ್ಟಿಗೆ ತ್ರೀಫೇಸ್ ಬೇಕು. ಕಲಿಯಲು ಬಯಸುವವರಿಗೆ ಕೈಗಾರಿಕಾ ತರಬೇತಿ ಸಂಸ್ಥೆಗಳ ಕಾರ್ಪೆಂಟರ್ ವಿಭಾಗವೂ ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯೂ ಇವೆ. ಎರಡನೆಯದರಲ್ಲಿ ಯಂತ್ರಗಳ ಮೇಲಿನ ಮರಗೆಲಸದ ತರಬೇತಿಯೂ ನಡೆಯುತ್ತದೆ.

ಕೂಡಿಸುವಿಕೆ

ಸರಿಯಾಗಿ ಕೊಯ್ದ ಮೂಲೆ ಕೈಯೊತ್ತಡಕ್ಕೆ ಬಹುಪಾಲು ಕೂತು, ಕೊನೆಯಲ್ಲಿ ಕೊಡತಿಯ ಹಗುರವಾದ ಒಂದೆರಡು ಪೆಟ್ಟು ಕೇಳುತ್ತದೆ. ಅದಕ್ಕಿಂತ ಬಿಗಿಯಾಗಿದ್ದರೆ ಒಳ್ಳೆಯದೆಂಬ ಭಾವನೆ ತಪ್ಪು. ಬಿಗಿಯಾದ ಬೆರಳು ಅಂಟನ್ನು ಹೊರಗೆ ಕೆರೆದು ಹಾಕುತ್ತದೆ. ನೀರಿನಂಶದ ಅಂಟು ತಾಗಿದಾಗ ಮರ ಉಬ್ಬಿ ಜೋಡಣೆ ಅರ್ಧದಲ್ಲಿಯೇ ನಿಂತುಬಿಡುತ್ತದೆ. ಅಂಚಿನ ಬೆರಳು ಸೀಳುವುದೂ ಉಂಟು. ಮೊದಲು ಬಳಕೆಯಲ್ಲಿದ್ದ, ಪ್ರಾಣಿಗಳ ಚರ್ಮ ಮೂಳೆಗಳಿಂದ ಮಾಡಿ ಬಿಸಿಯಾಗಿ ಹಚ್ಚುತ್ತಿದ್ದ ಸರೇಸಿನ ಜಾಗಕ್ಕೆ ಭಾರತದಲ್ಲಿ 1959ರಲ್ಲಿ ಫೆವಿಕಾಲ್ ಬಂದ ಬಳಿಕ ಬಿಳಿ ಅಂಟು ಹರಡಿತು. ಅದನ್ನು ಬೆರಳಿನ ಎರಡೂ ಕೆನ್ನೆಗಳಿಗೆ ಸಣ್ಣ ಕುಂಚದಿಂದ ತೆಳ್ಳಗೆ ಹಚ್ಚಬೇಕು. ಬೇಸಿಗೆಯ ಒಣಗಾಳಿಯಲ್ಲಿ ಅಂಟು ನಿಮಿಷಗಳಲ್ಲಿ ಕೆನೆಗಟ್ಟುವುದರಿಂದ, ನಾಲ್ಕು ಮೂಲೆಗಳನ್ನು ಒಬ್ಬರೇ ಹಚ್ಚಿ ಕೂಡಿಸುವವರು ಬೆಳಗಿನ ತಂಪಿನಲ್ಲಿ ಕೆಲಸ ಹಿಡಿಯುವುದು ಮೇಲು. ಹೊರಗೆ ಮಳೆಯಲ್ಲಿ ನಿಲ್ಲುವ ಪೆಟ್ಟಿಗೆಗೆ ನೀರು ತಡೆಯುವ ಅಂಟನ್ನೇ ಆರಿಸಬೇಕು.

ಕ್ಲ್ಯಾಂಪಿನಿಂದ ಬಿಗಿದ ಮೇಲೆ ಎದುರುಬದುರಿನ ಮೂಲೆಗಳ ನಡುವಿನ ಎರಡು ಕರ್ಣಗಳನ್ನು ಅಳೆಯಬೇಕು. ಎರಡೂ ಸಮನಾಗಿದ್ದರೆ ಪೆಟ್ಟಿಗೆ ಚೌಕವಾಗಿದೆ. ಇಲ್ಲದಿದ್ದರೆ ಉದ್ದವಾದ ಕರ್ಣದ ಮೂಲೆಗಳನ್ನು ಒತ್ತಿ ಸರಿಪಡಿಸಬಹುದು, ಅಂಟು ಹಸಿಯಾಗಿರುವವರೆಗೆ ಮಾತ್ರ. ಪೆಟ್ಟಿಗೆಯ ನಾಲ್ಕೂ ಹಲಗೆಗಳ ಎಳೆ ಸುತ್ತಲೂ ಅಡ್ಡಡ್ಡ ಸಾಗುವುದರಿಂದ ಮಳೆಗಾಲ ಬೇಸಿಗೆಗಳಲ್ಲಿ ಅವು ಒಟ್ಟಾಗಿಯೇ ಹಿಗ್ಗಿ ಕುಗ್ಗುತ್ತವೆ, ಮೂಲೆಗೆ ಧಕ್ಕೆ ಇಲ್ಲ. ತಳದ ಹಲಗೆಯದ್ದು ಬೇರೆ ಮಾತು. ಇಡೀ ಮರದ ತಳವನ್ನು ನಾಲ್ಕೂ ಕಡೆ ಅಂಟಿಸಿದರೆ ಅದು ಹಿಗ್ಗಿದಾಗ ಮೂಲೆಗಳನ್ನು ಹೊರಕ್ಕೆ ತಳ್ಳುತ್ತದೆ. ಅದನ್ನು ಒಳಬದಿಯ ಕಾಲುವೆಯಲ್ಲಿ ಅಂಟಿಲ್ಲದೆ ಸಡಿಲವಾಗಿ ಕೂರಿಸಬೇಕು. ಆ ಕಾಲುವೆಯನ್ನು ಹಲಗೆಯ ಪೂರ್ತಿ ಉದ್ದಕ್ಕೆ ಕೊಯ್ದರೆ ಹೊರಗಿನ ಬೆರಳಿನ ತುದಿಯಲ್ಲಿ ಚೌಕ ತೂತು ಕಾಣಿಸಿಕೊಳ್ಳುತ್ತದೆ. ಅದೇ ಮರದ ಚಿಕ್ಕ ತುಂಡನ್ನು ಎಳೆಯ ದಿಕ್ಕು ನೋಡಿ ಅಂಟಿಸಿ ಅದನ್ನು ಮುಚ್ಚುತ್ತಾರೆ.

ಒಣಗಿದ ಮೇಲೆ ಹೊರಚಾಚಿದ ತುದಿಗಳನ್ನು ಕೀಸುಳಿಯಿಂದ ಮೂಲೆಯಿಂದ ಒಳಮುಖವಾಗಿ ಕೀಸಬೇಕು, ಹೊರಮುಖವಾಗಿ ಕೀಸಿದರೆ ಅಂಚು ಸಿಡಿಯುತ್ತದೆ. ಕೊನೆಗೆ ಉಪ್ಪುಕಾಗದ. ಬೆರಳುಗಳ ತುದಿಮುಖ ಎಣ್ಣೆ, ಪಾಲಿಶುಗಳನ್ನು ಹೆಚ್ಚು ಹೀರಿ ಉಳಿದ ಭಾಗಕ್ಕಿಂತ ಕಪ್ಪಾಗಿ ನಿಲ್ಲುತ್ತದೆ. ಮೂಲೆಯ ಮೇಲೆ ಕಾಣುವ ಕಪ್ಪು ಬಿಳುಪಿನ ಚೌಕಗಳು ಈ ಕಾರಣದಿಂದ ಉಂಟಾದವು.